ಪರದೆ ಸತ್ತ ಲ್ಯಾಪ್‌ಟಾಪ್ ಮಾತಾಡಿದ್ದು

ಜುಮೆನೊನ ಲ್ಯಾಪ್‌ಟಾಪಿನ ಪರದೆ ಒಡೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಓಣಿಯಲ್ಲಿ ಬೆಕ್ಕು ಬೀಳಿಸಿತು ಎನ್ನುವವರು ಇನ್ನೂ ಇದ್ದಾರೆ. ಬೆಕ್ಕಿನ ಮೇಲೆ ಹೊರಿಸಿದವಳೂ ನಾನೇ, ಎರಡು ದಿನದ ಮಟ್ಟಿಗೆ.

ಇಂಡೊನೇಷಿಯಾದ ಕೋತಾಗೆದೆಯಲ್ಲಿ ಬೆಳ್ಳಿ ಕೆಲಸದವರ ಮನೆಗಳ ನಡುವೆ ನಮ್ಮ ಓಣಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ನಾನು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಜಾಮು ಮಾರುತ್ತೇನೆ. ಅರಿಶಿನ ಹುಣಸೆಯ ಕಷಾಯ, ಶುಂಠಿ ಬೆಲ್ಲದ ಕಷಾಯ, ಬಾಣಂತಿಯರಿಗೆ ಬೇರೆ, ಹೊಟ್ಟೆ ಕೆಟ್ಟವರಿಗೆ ಬೇರೆ. ಬೆಳಗಿನ ಸುತ್ತು ಮುಗಿಸಿ ಬಿಸಿಲೇರುವ ಹೊತ್ತಿಗೆ ಜುಮೆನೊನ ಬಾಗಿಲಿಗೆ ಬಂದು ಅವನ ಲೋಟಕ್ಕೆ ಕಷಾಯ ಸುರಿದು ಕೂತು ಹರಟುವುದು ನನ್ನ ಹಳೆಯ ಅಭ್ಯಾಸ. ಅವನು ಮೈ ಒತ್ತಿ ಮಾಲೀಸು ಮಾಡಿ ಜೀವನ ಮಾಡುವವನು. ಎಂಟನೆಯ ವಯಸ್ಸಿಗೆ ಜ್ವರ ಬಂದು ಕಣ್ಣು ಹೋಯಿತು. ಈಗ ಐವತ್ತು.

ಅವನ ಕೋಣೆಯಲ್ಲಿ ದೀಪ ಇದೆ, ಆದರೆ ಹಚ್ಚುವವರಿಲ್ಲ. ಬಂದ ಗಿರಾಕಿಯೇ ಗೋಡೆ ತಡವಿ ಸ್ವಿಚ್ ಹುಡುಕಬೇಕು. ಅವತ್ತು ನಾನು ಬಿಸಿಲಿನಿಂದ ಒಳಗೆ ಬಂದೆ, ಕಣ್ಣಿಗೆ ಏನೂ ಕಾಣಲಿಲ್ಲ. ಹನ್ನೆರಡು ಗಾಜಿನ ಬಾಟಲಿ ತುಂಬಿದ ಬುಟ್ಟಿಯನ್ನು ಖಾಲಿ ಮೇಜಿನ ಮೇಲೆ ಅಂದುಕೊಂಡು ಇಳಿಸಿದೆ. ಮೇಜಿನ ಮೇಲೆ ಮುಚ್ಚಿಟ್ಟ ಲ್ಯಾಪ್‌ಟಾಪ್ ಇತ್ತು. ಹಪ್ಪಳ ಮುರಿದಂಥ ಸದ್ದು ಬಂತು.

"ಏನದು ಯು?" ಎಂದ ಒಳಗಿನಿಂದ. ನಮ್ಮ ಕಡೆ ಬೀದಿಯಲ್ಲಿ ಮಾರುವ ಹೆಂಗಸರನ್ನು ಯು ಎಂದು, ಅಕ್ಕ ಎನ್ನುವ ಹಾಗೆ ಕರೆಯುತ್ತಾರೆ.

"ಬೆಕ್ಕು!" ಎಂದೆ.

ಮೂರನೆಯ ದಿನ ತಡೆಯಲಾಗದೆ ಒಪ್ಪಿಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಯು ಸಾರ್ಮಿ, ಪರದೆ ಒಡೀತು ಅಂತ ಎರಡು ದಿನ ಮುಖ ತಪ್ಪಿಸ್ಕೊಂಡು ಓಡಾಡಿದ್ಯಾ? ಆ ಪರದೆ ನಾನು ನೋಡಿದೀನಾ ಯಾವತ್ತಾದ್ರೂ?"

ನಗುತ್ತಿದ್ದ, ಆದರೆ ಆ ಯಂತ್ರ ಅದಕ್ಕೂ ಮೊದಲೇ ಸಾಯುತ್ತಿತ್ತು ಎನ್ನುವುದು ಓಣಿಗೆಲ್ಲ ಗೊತ್ತಿತ್ತು. ಅದರಲ್ಲಿ ಓದಿ ಹೇಳುವ ಒಂದು ದನಿ ಇತ್ತು. ಜುಮೆನೊ ಕೀಲಿ ಒತ್ತಿದರೆ ಆ ದನಿ ಅಕ್ಷರವನ್ನು ಹೇಳಬೇಕು. ಮೊದಮೊದಲು ಥಟ್ಟನೆ ಹೇಳುತ್ತಿತ್ತು. ವರ್ಷ ಕಳೆದಂತೆ, ಅಪ್‌ಡೇಟ್ ಎನ್ನುವ ಹೊಸ ಹೊಸ ತಿದ್ದುಪಡಿಗಳು ಇಳಿದಂತೆ, ಯಂತ್ರ ಭಾರವಾಗುತ್ತ ಹೋಯಿತು. ಕೊನೆಗೆ ಅವನು ಒಂದು ಅಕ್ಷರ ಒತ್ತಿ ನನ್ನೊಂದಿಗೆ ಎರಡು ಮಾತಾಡಿದ ಮೇಲೆ ಅದು ಆ ಅಕ್ಷರವನ್ನು ಹೇಳುತ್ತಿತ್ತು. ಅದರಲ್ಲೇ ಅವನು ಒಂದು ಪುಸ್ತಕ ಬರೆಯುತ್ತಿದ್ದ. ಹೊಸದಾಗಿ ಕಣ್ಣು ಕಳೆದುಕೊಂಡವರಿಗೆ ಮಾಲೀಸು ಕಲಿಸುವ ಪುಸ್ತಕ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಗೆ ಸಿಕ್ಕ ಬೆನ್ನು, ಭುಜ, ಮಂಡಿಗಳ ಟಿಪ್ಪಣಿಯೆಲ್ಲ ಅದರಲ್ಲಿತ್ತು. ನನ್ನ ಎಡ ಮಂಡಿಗೇ ಒಂದು ಪುಟ ಇತ್ತಂತೆ.

ರಿಪೇರಿಯವನು ತಿರುಗಿಸಿ ಮುರುಗಿಸಿ ನೋಡಿ, "ಪಾಕ್, ಇದಕ್ಕೆ ಹೊಸ ಪರದೆ ಹಾಕೋದು ಸತ್ತೋರಿಗೆ ಹೊಸ ಅಂಗಿ ಹೊಲಿಸ್ದಂಗೆ. ಗುಜರಿಗೆ ಹಾಕಿ," ಎಂದ. ಪಾಕ್ ಅಂದರೆ ಗಂಡಸರಿಗೆ ಯಜಮಾನರೇ ಎಂದ ಹಾಗೆ, ಹೆಂಗಸರಿಗಾದರೆ ಬು.

ಆ ಮಾತು ಕೇಳಿಸಿಕೊಂಡವಳು ರೆತ್ನಾನಿಂಗ್. ವೃತ್ತಿಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಟೀಚರು, ದಿನವಿಡೀ ತಲೆ ಬಗ್ಗಿಸಿ ಕೂತು ಕುತ್ತಿಗೆ ಹಿಡಿದುಕೊಂಡು ಹದಿನೈದು ದಿನಕ್ಕೊಮ್ಮೆ ಜುಮೆನೊನ ಹತ್ತಿರ ಬರುತ್ತಿದ್ದಳು. ಅವನ ಚಾಪೆಯ ಮೇಲೆ ಬೋರಲು ಮಲಗಿಕೊಂಡೇ ಹೇಳಿದಳು:

"ಗುಜರಿಗೆ ಯಾಕ್ ಹಾಕ್ತೀರಿ ಪಾಕ್? ಒಳಗಿನ ಹಳೇ ವ್ಯವಸ್ಥೆ ತೆಗೆದು ಲಿನಕ್ಸ್ ಹಾಕೋಣ. ಹಗುರವಾಗಿರತ್ತೆ. ಇಂಥ ಹಳೇ ಯಂತ್ರಗಳನ್ನೇ ನಮ್ಮ ಗುಂಪಲ್ಲಿ ಎಬ್ಬಿಸಿ ಕೂರಿಸ್ತೀವಿ."

"ಯಾರದು ಅದು? ಯಾವ ಕಂಪನಿದು?"

"ಯಾರದೂ ಅಲ್ಲ. ಎಲ್ಲಾರೂ ಸೇರಿ ಮಾಡಿರೋದು. ಲೋಕದಲ್ಲಿ ಎಲ್ಲೆಲ್ಲೋ ಕೂತು ಬರೀತಾರೆ, ಬೇಕಾದೋರು ತಗೋತಾರೆ. ಕೊಡಿ, ಮನೆಗೆ ಒಯ್ದು ಮಾಡ್ಕೊಂಡ್ ಬರ್ತೀನಿ."

ಜುಮೆನೊನ ಹೆಬ್ಬೆರಳು ಅವಳ ಕುತ್ತಿಗೆಯ ಮೇಲೆ ನಿಂತಿತು. "ಒಯ್ಯಬೇಡಿ ಬು ರೆತ್ನಾ. ಇಲ್ಲೇ ಮಾಡೋಣ. ನನ್ನ ಕೈಲಿ ಮಾಡ್ಸಿ."

"ಪಾಕ್, ಅದು ನೋಡ್ಕೊಂಡು ಮಾಡೋ ಕೆಲಸ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಎದ್ದು ಕೂತು ಆ ಒಡೆದ ಪರದೆಯನ್ನೇ ನೋಡಿದಳು. "ಹಾಗೆ ನೋಡಿದ್ರೆ ನನಗೂ ಏನ್ ಕಾಣತ್ತೆ ಇದ್ರಲ್ಲಿ," ಎಂದು ನಕ್ಕಳು.

ಒಂದು ವಾರ ಅವಳು ತಯಾರಿ ಮಾಡಿದಳು. ಜುಮೆನೊನ ಯಂತ್ರದೊಳಗಿನ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ತಗುಲಿಸಿ, ಅವನ ಪುಸ್ತಕವನ್ನೂ ಟಿಪ್ಪಣಿಗಳನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಕೊಂಡು, ಡಿಸ್ಕನ್ನು ಮತ್ತೆ ಮೊದಲಿದ್ದಲ್ಲೇ ಕೂರಿಸಿದಳು. ಶಾಲೆಯಲ್ಲಿ ಅದೇ ಮಾದರಿಯ ಲ್ಯಾಪ್‌ಟಾಪ್ ಒಂದಿತ್ತಂತೆ. ಯಾವ ಕೀಲಿ, ಯಾವ ಬಾಣ, ಎಷ್ಟು ಸಲ ಎಂದು ಅದರ ಮುಂದೆ ಕಣ್ಣು ಮುಚ್ಚಿ ಕೂತು ಬಾಯಿಪಾಠ ಮಾಡಿದಳಂತೆ.

ಶನಿವಾರ ಮಧ್ಯಾಹ್ನ ಅವಳು ಬಂದಾಗ ನಾನು ಬುಟ್ಟಿ ಹೊರಗೇ ಇಳಿಸಿ, ಸೋಯಾ ಹುದುಗಿಸಿ ಕರಿದ ತೆಂಪೆಯ ಪೊಟ್ಟಣ ಹಿಡಿದು ಒಳಗೆ ಕೂತಿದ್ದೆ. ತಪ್ಪು ನನ್ನದು, ನೋಡದೆ ಇರಲಾಗಲಿಲ್ಲ.

ಜುಮೆನೊ ಯಂತ್ರದ ಮುಂದೆ. ಅವನ ಬಲಕ್ಕೆ, ಲಿನಕ್ಸ್ ತುಂಬಿದ ಡಿವಿಡಿಯನ್ನು ಯಂತ್ರಕ್ಕೆ ಹಾಕಿ ಕೂತ ಟೀಚರು. ಎದುರಿಗೆ ಕಪ್ಪು ಪರದೆ, ಅದರ ನಡುವೆ ನನ್ನ ಬಾಟಲಿಗಳು ಮಾಡಿದ ಜೇಡರ ಬಲೆಯಂಥ ಬಿರುಕು. ನಮ್ಮ ಮೂವರಿಗೂ ಅದರಲ್ಲಿ ಕಾಣುವುದು ಅಷ್ಟೇ.

"ಗುಂಡಿ ಒತ್ತಿ. ಈಗ ಮೇಲಿನ ಸಾಲಿನ ಕೊನೇ ಕೀಲಿ, ಟಕಟಕ ಅಂತ ಒತ್ತಾ ಇರಿ. ಈಗ ಕೆಳಗಿನ ಬಾಣ ಎರಡು ಸಲ. ಎಂಟರ್."

ಒತ್ತಿದ. ಕಾದೆವು. ಹಳೆಯ ಯಂತ್ರದ ಹಳೆಯ ರಾಗವೇ ಕೇಳಿಸಿತು, ಯಾವಾಗಲೂ ಬರುತ್ತಿದ್ದದ್ದು.

"ಹಳೇ ಗಂಡ ಮನೆ ಬಿಡಲ್ಲ ಅಂತಿದಾನೆ," ಎಂದೆ.

"ಸುಮ್ನಿರು ಯು," ಎಂದ ಜುಮೆನೊ. "ಬು, ನಾನು ತಡವಾಗಿ ಒತ್ತಿದೆ. ಮತ್ತೆ ಮಾಡೋಣ."

ಎರಡನೆಯ ಸಲ ಹಳೆಯ ರಾಗ ಬರಲಿಲ್ಲ. ಏನೂ ಬರಲಿಲ್ಲ. ಪಕ್ಕದ ಮನೆಯಲ್ಲಿ ಬೆಳ್ಳಿ ತಟ್ಟೆಗೆ ಹೂ ಕೆತ್ತುವ ಸುತ್ತಿಗೆ ಟಿಣ್ ಟಿಣ್ ಎನ್ನುತ್ತಿತ್ತು. ಜುಮೆನೊ ಗೋಡೆಗೆ ಎರಡು ಸಲ ಗುದ್ದಿದ. ಆ ಸುತ್ತಿಗೆಯೂ ನಿಂತಿತು.

ಆಗ ಯಂತ್ರದ ಹೊಟ್ಟೆಯೊಳಗಿನಿಂದ ಒಂದು ಸದ್ದು ಬಂತು. ಟೂಟ್. ಅಷ್ಟೇ. ಮರಿಹಕ್ಕಿ ಒಂದೇ ಸಲ ಕೂಗಿ ಸುಮ್ಮನಾದ ಹಾಗೆ.

"ಇದೇ!" ಎಂದಳು ಟೀಚರು. "ಪಾಕ್, ಈಗ ಎಸ್ ಅಕ್ಷರ ಒತ್ತಿ, ಆಮೇಲೆ ಎಂಟರ್. ಮಾತು ಬೇಕು ಅನ್ನೋರು ಆ ಸದ್ದು ಕೇಳಿದ ಮೇಲೆ ಹಾಗೆ ಒತ್ತಬೇಕು ಅಂತ ಬರ್ದಿದಾರೆ. ನಾನು ಹದಿನೈದು ವರ್ಷದಿಂದ ಲಿನಕ್ಸ್ ಹಾಕ್ತಿದೀನಿ, ಆ ಸದ್ದು ಯಾಕೆ ಬರತ್ತೆ ಅಂತ ಒಂದು ದಿನಾನೂ ಯೋಚನೆ ಮಾಡಿರ್ಲಿಲ್ಲ."

ಅವನು ಒತ್ತಿದ. ಮತ್ತೆ ಮೌನ. ಅರ್ಧ ನಿಮಿಷವೋ ಒಂದು ನಿಮಿಷವೋ, ನನಗಂತೂ ಒಂದು ಗಡಿಗೆ ಕಷಾಯ ಕುದಿಯುವಷ್ಟು ಹೊತ್ತು ಅನ್ನಿಸಿತು. ಆಮೇಲೆ ಆ ಸತ್ತ ಯಂತ್ರ ಮಾತಾಡಿತು.

ಮೊದಲು ಇಂಗ್ಲಿಷಿನಲ್ಲಿ, ಡಬ್ಬಿಯೊಳಗೆ ಕೂತವನ ದನಿಯಲ್ಲಿ. ಭಾಷೆ ಆರಿಸಿಕೊಳ್ಳಿ ಎಂದು ಒಂದೊಂದು ಭಾಷೆಗೆ ಒಂದೊಂದು ಅಂಕೆ ಹೇಳುತ್ತ ಹೋಯಿತು. ಬಾಸ್ಕ್, ಬಲ್ಗೇರಿಯನ್, ಡೇನಿಶ್. ನಾನು ಹೆಸರೇ ಕೇಳದ ಭಾಷೆಗಳು. ಮೆರವಣಿಗೆ ಹೋದ ಹಾಗೆ ಊರೂರಿನ ಜನ ಆ ಪುಟ್ಟ ಕೋಣೆಯೊಳಗೆ ಹಾದುಹೋದರು. ಐಸ್‌ಲ್ಯಾಂಡಿಕ್ ಆಯಿತು. ಇಂಡೊನೇಷಿಯನ್ ಎಂದಿತು. ಜುಮೆನೊ ಆ ಅಂಕೆಯನ್ನು ಒತ್ತಿ ಎಂಟರ್ ಹೊಡೆದ.

ಮುಂದಿನ ಪ್ರಶ್ನೆ ನಮ್ಮ ಮಾತಿನಲ್ಲೇ ಬಂತು. ನೀವು ಎಲ್ಲಿದ್ದೀರಿ ಎಂದು ಕೇಳಿತು.

"ಇಲ್ಲೇ ಇದೀನಿ," ಎಂದುಬಿಟ್ಟ ಜುಮೆನೊ, ಗಟ್ಟಿಯಾಗಿ. ಆಮೇಲೆ ನಾಚಿಕೊಂಡು ಅಂಕೆ ಒತ್ತಿದ. ನಾನು ನಗಬೇಕೆಂದುಕೊಂಡೆ, ನಗು ಬರಲಿಲ್ಲ.

ಅಲ್ಲಿಂದ ಮುಂದೆ ಸ್ವಲ್ಪ ಹೊತ್ತು ಎಲ್ಲ ಸಲೀಸು. ಅದು ಕೇಳುವುದು, ಅವನು ಒತ್ತುವುದು. ಹೆಸರೇನು, ಗುಪ್ತಪದ ಏನು. ಗುಪ್ತಪದ ಒತ್ತುವಾಗ ಟೀಚರು ಮುಖ ತಿರುಗಿಸಿಕೊಂಡಳು. ನಾನು ತಿರುಗಿಸಲಿಲ್ಲ, ಅವನಿಗೆ ಹೇಗೋ ಗೊತ್ತಾಯಿತು. "ಯು, ಆ ಕಡೆ ನೋಡು," ಎಂದ.

ಆಮೇಲೆ ಡಿಸ್ಕಿನ ಸರದಿ ಬಂತು. ಯಾವುದನ್ನು ಪೂರ್ತಿ ಅಳಿಸಿ ಹೊಸದನ್ನು ಕೂರಿಸಬೇಕು ಎಂದು ಯಂತ್ರ ಕೇಳಿತು. ಒಂದು, ಎರಡು ಎಂದು ಎರಡು ಹೆಸರು ಹೇಳಿತು. ಆ ದನಿ ಓಡುವ ವೇಗಕ್ಕೆ ನನಗೆ ಅಕ್ಷರವೂ ತಿಳಿಯಲಿಲ್ಲ.

"ಒಂದು ಒತ್ತಿ ಪಾಕ್," ಎಂದಳು ಟೀಚರು. "ಯಂತ್ರದ ಸ್ವಂತ ಡಿಸ್ಕು ಯಾವಾಗ್ಲೂ ಒಂದನೇದೇ."

ಜುಮೆನೊನ ಬೆರಳು ಒಂದರ ಕೀಲಿಯ ಮೇಲೆ ಕೂತಿತು. ಒತ್ತಲಿಲ್ಲ.

"ಏನಾಯ್ತು?"

"ಒಂದನೇದು ಹದಿನಾರು ಜಿಬಿ ಅಂತು ಬು. ಎರಡನೇದು ಮುನ್ನೂರ ಇಪ್ಪತ್ತು ಅಂತು."

"ಇಲ್ಲ ಪಾಕ್, ನಿಮಗೆ ಹಾಗೆ ಕೇಳಿಸಿರ್ಬೇಕು. ಅದು ತುಂಬ ಜೋರಾಗಿ ಓದತ್ತೆ..."

"ಮತ್ತೆ ಓದಿಸ್ತೀನಿ."

ಮತ್ತೆ ಓದಿತು. ಟೀಚರು ಮೊದಲ ಸಲ ಕಿವಿಯನ್ನು ಯಂತ್ರದ ಹತ್ತಿರ ತಂದು ಕೇಳಿಸಿಕೊಂಡಳು. ಅವಳ ಮುಖ ಸುಣ್ಣದ ಗೋಡೆಯಂತಾಯಿತು. ನಿಧಾನಕ್ಕೆ ಯಂತ್ರದ ಎಡಬದಿಗೆ ಕೈ ಹಾಕಿ, ಅಲ್ಲಿ ಚುಚ್ಚಿಟ್ಟಿದ್ದ ಕೆಂಪು ಪೆನ್‌ಡ್ರೈವನ್ನು ಮುಟ್ಟಿದಳು. ಅವನ ಪುಸ್ತಕ, ಇಪ್ಪತ್ತೆರಡು ವರ್ಷದ ಟಿಪ್ಪಣಿ ಎಲ್ಲ ಇದ್ದದ್ದು ಅದರಲ್ಲೇ. ಕೊನೆಯಲ್ಲಿ ವಾಪಸು ತುಂಬಲು ಸುಲಭವಾಗಲಿ ಎಂದು ಮೊದಲೇ ಚುಚ್ಚಿ ಮರೆತಿದ್ದಳು. ಹದಿನಾರು ಎಂದರೆ ಅದು.

"ಒಂದು ಒತ್ತಿದ್ರೆ..." ಎಂದಳು.

"ಒತ್ತಿಲ್ವಲ್ಲ," ಎಂದ ಜುಮೆನೊ. "ತೆಗೀರಿ ಅದನ್ನ. ಯು ಸಾರ್ಮಿ ಕೈಗೆ ಕೊಡ್ಬೇಡಿ ಮಾತ್ರ."

ಟೀಚರು ನಕ್ಕಳು, ಆದರೆ ಕಣ್ಣಲ್ಲಿ ನೀರಿತ್ತು. ಪೆನ್‌ಡ್ರೈವನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡು, ಕೈ ಮಡಿಚಿ ಕೂತಳು. ಆಮೇಲೆ ಅವಳು ಒಂದು ಮಾತೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಯಂತ್ರ ಕೇಳಿತು, ಅವನು ಉತ್ತರ ಕೊಟ್ಟ. ನಾವಿಬ್ಬರು ಕಣ್ಣಿದ್ದ ಹೆಂಗಸರು ಆ ಕಪ್ಪು ಗಾಜಿನ ಮುಂದೆ ಏನೂ ಕಾಣದೆ ಕೂತಿದ್ದೆವು, ಅವನೊಬ್ಬ ಒಳಗೆ ಓಡಾಡುತ್ತಿದ್ದ. ಅಳಿಸುತ್ತಿದೆ ಎಂದಿತು. ಕೂರಿಸುತ್ತಿದೆ ಎಂದಿತು. ನೂರಕ್ಕೆ ಹತ್ತು, ನೂರಕ್ಕೆ ಮೂವತ್ತು. ತೆಂಪೆ ಆರಿ ರಬ್ಬರಿನಂತಾಯಿತು, ಯಾರೂ ಮುಟ್ಟಲಿಲ್ಲ. ಪಕ್ಕದ ಮನೆಯ ಬೆಳ್ಳಿ ಕೆಲಸದವನು ಸುತ್ತಿಗೆ ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತು, "ಯಾರಿಗಾದ್ರೂ ಹೆರಿಗೆ ಆಗ್ತಿದೆಯಾ?" ಎಂದು ಕೇಳಿದ. ಆಮೇಲೆ ಅವನೂ ಹೊಸ್ತಿಲ ಮೇಲೆ ಕೂತ.

ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಮುಗಿದ ಸ್ವಲ್ಪ ಹೊತ್ತಿಗೆ ಯಂತ್ರ ತಾನೇ ಆರಿ, ತಾನೇ ಎದ್ದಿತು. ಈ ಸಲದ ಮೌನವೇ ಎಲ್ಲಕ್ಕಿಂತ ಕೆಟ್ಟದ್ದು. ಆಮೇಲೆ ಅದೇ ಡಬ್ಬಿಯ ದನಿ, ಜುಮೆನೊನ ಹೆಸರು ಹಿಡಿದು ಹೇಳಿ, ಗುಪ್ತಪದ ಕೊಡಿ ಎಂದಿತು.

ಅವನು ಕೊಟ್ಟ. ಬರೆಯುವ ಪುಟ ತೆರೆದ. ಒಂದು ಅಕ್ಷರ ಒತ್ತಿದ. ಬೆರಳು ಮೇಲೇಳುವ ಮೊದಲೇ ದನಿ ಅಕ್ಷರ ಹೇಳಿತು. ಇನ್ನೊಂದು. ಮತ್ತೊಂದು. ಹತ್ತು ಬೆರಳನ್ನೂ ಓಡಿಸಿದ. ದನಿಯೂ ಅವನೊಂದಿಗೇ ಓಡಿತು, ಎಲ್ಲೂ ಹಿಂದೆ ಬೀಳಲಿಲ್ಲ. ಆಮೇಲೆ ಅವನು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಏನಪ್ಪಾ, ಸರಿ ಹೋಗ್ಲಿಲ್ವಾ?" ಎಂದೆ.

"ಯು, ಆ ಟೂಟ್ ಅಂತು ನೋಡು..." ಎಂದು ನನ್ನ ಕಡೆ ತಿರುಗಿದ. "ಅದನ್ನ ಯಾರೋ ಕೂತು ಅಲ್ಲಿ ಇಟ್ಟಿದಾರೆ. ಕಣ್ಣಿದ್ದೋರಿಗೆ ಅದು ಬೇಡ, ಅವರಿಗೆ ಪಟ್ಟಿ ಎದುರಿಗೇ ಕಾಣತ್ತೆ. ಯಾವನೋ ಒಬ್ಬ ಯೋಚನೆ ಮಾಡಿದಾನೆ, ಎಲ್ಲೋ ಒಬ್ಬ ಕುರುಡ ಒಬ್ಬನೇ ಕೂತಿರ್ತಾನೆ, ಕೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ, ಈಗ ಒತ್ತು ಅಂತ ಅವನಿಗೆ ಹೇಳ್ಬೇಕು ಅಂತ. ಇಷ್ಟು ವರ್ಷ ನನಗೆ ಏನೇ ಕೊಟ್ಟೋರೂ ನನ್ನ ಮುಖ ನೋಡಿ ಕೊಟ್ರು. ಇವನು ನಾನು ಇದೀನಿ ಅಂತ ಗೊತ್ತಿಲ್ಲದೇನೇ ಕೊಟ್ಟಿದಾನೆ."

ಯಾರವನು ಎಂದು ಟೀಚರನ್ನು ಕೇಳಿದೆ. ಒಬ್ಬನಲ್ಲ ಎಂದಳು. ದನಿಯನ್ನು ಶುರು ಮಾಡಿದವರು ಒಬ್ಬರು, ಮುಂದುವರಿಸಿದವರು ಹಲವರು, ನಮ್ಮ ಭಾಷೆಗೆ ಪ್ರಶ್ನೆಗಳನ್ನು ತಂದವರು ಇನ್ನಾರೋ. ಅವರಲ್ಲಿ ಕಣ್ಣಿಲ್ಲದವರೂ ಇದ್ದಾರಂತೆ. ಬಹಳ ಜನಕ್ಕೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲವಂತೆ.

"ಸಂಬಳ?"

"ಹೆಚ್ಚಿನೋರಿಗೆ ಇಲ್ಲ ಯು."

ಬೆಳ್ಳಿ ಕೆಲಸದವನು, ಆರು ತಿಂಗಳಿಂದ ಒಂದೇ ತಟ್ಟೆಗೆ ಹೂ ಕೆತ್ತುತ್ತಿದ್ದವನು, ಹೊಸ್ತಿಲಿನಿಂದ ಎದ್ದು ಒಳಗೆ ಬಂದು ಆ ಯಂತ್ರದ ಅಂಚನ್ನು ಒಮ್ಮೆ ಸವರಿ ಮನೆಗೆ ಹೋದ.

ಇಲ್ಲಿಗೇ ಮುಗಿದಿದ್ದರೂ ನಾನು ಇದನ್ನು ಹೇಳುತ್ತಿದ್ದೆ. ಆದರೆ ಜುಮೆನೊ ಬಿಡುವ ಪೈಕಿ ಅಲ್ಲ.

ಆ ದನಿಗೆ ಒಂದು ಕೊರತೆ ಇತ್ತು. ನಮ್ಮ ಇಂಡೊನೇಷಿಯನ್ ಬರಹದಲ್ಲಿ 'e' ಎಂಬ ಒಂದೇ ಅಕ್ಷರಕ್ಕೆ ಎರಡು ಉಚ್ಚಾರ: ಬಾಯಿ ಬಿಟ್ಟು 'ಎ' ಎನ್ನುವುದು ಒಂದು, ಗಂಟಲಲ್ಲೇ ನುಂಗಿ 'ಅ' ಎನ್ನುವಂತೆ ಹೇಳುವುದು ಒಂದು. ಎಲ್ಲಿ ಯಾವುದು ಎಂಬುದು ಹುಟ್ಟಿನಿಂದ ಕೇಳಿದವರಿಗೆ ಗೊತ್ತು, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದರಲ್ಲೂ ಮಾಲೀಸಿನ ಮಾತುಗಳಲ್ಲಿ ಅದು ತಪ್ಪುತ್ತಲೇ ಇತ್ತು. ಕೀಲುನೋವಿಗೆ ನಾವು ಅನ್ನುವ ಎಂಚೊಕ್ ಎಂಬ ಮಾತನ್ನು ನುಂಗಿ ಹೇಳುತ್ತಿತ್ತು. ಮೈ ಜಡ್ಡುಗಟ್ಟಿದ್ದಕ್ಕೆ ಅನ್ನುವ ಪೆಗಲ್ ಎಂಬುದನ್ನು ಬಾಯಿ ಬಿಟ್ಟು ಅರಚುತ್ತಿತ್ತು. ಅದು ಹೇಳಿದಾಗೆಲ್ಲ ನಾನು ಬಿದ್ದು ಬಿದ್ದು ನಗುತ್ತಿದ್ದೆ, "ಪಟ್ಟಣದಿಂದ ಬಂದ ಸೊಸೆ ಥರ ಮಾತಾಡತ್ತೆ," ಎಂದು.

ಅವನು ನಗಲಿಲ್ಲ. ಪಟ್ಟಿ ಮಾಡಿದ. ಪುಸ್ತಕ ಬರೆಯುತ್ತ ಬರೆಯುತ್ತ ತಪ್ಪಿದ ಮಾತು ಸಿಕ್ಕಾಗೆಲ್ಲ ಅದಕ್ಕೆ ಸೇರಿಸಿದ. ಎರಡು ತಿಂಗಳಿಗೆ ಅರವತ್ತಮೂರು ಮಾತಾದವು. ಆಮೇಲೆ ಟೀಚರು ಮುಂದಿನ ಸಲ ಕುತ್ತಿಗೆ ತೋರಿಸಲು ಬಂದಾಗ, "ಇದನ್ನ ಆ ದನಿ ಮಾಡ್ದೋರಿಗೆ ಕಳಿಸ್ಬಹುದಾ?" ಎಂದು ಕೇಳಿದ.

"ಕಳಿಸ್ಬಹುದು ಪಾಕ್. ಯಾರು ಬೇಕಾದ್ರೂ ಕಳಿಸ್ಬಹುದು."

"ನಾನೂ?"

"ನೀವೂ."

ಅವನಿಗೆ ನಂಬಿಕೆ ಬರಲಿಲ್ಲ, ಆದರೂ ಇಬ್ಬರೂ ಕೂತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದರು. ಐದನೆಯ ದಿನ ಉತ್ತರ ಬಂತು. ದೂರದ ಯಾವುದೋ ಚಳಿಯ ದೇಶದ ಹೆಂಗಸು. ಟೀಚರು ಅರ್ಥ ಹೇಳಿದ್ದನ್ನು ನಾನು ಈಗಲೂ ಮರೆತಿಲ್ಲ: 'ನಿಮ್ಮ ಭಾಷೆ ನನಗೆ ಬರುವುದಿಲ್ಲ. ಆದರೆ ನಾನೂ ಈ ದನಿಯನ್ನು ಕೇಳಿಕೊಂಡೇ ಕೆಲಸ ಮಾಡುವವಳು, ಆದ್ದರಿಂದ ನಿಮ್ಮ ಕಿವಿಯನ್ನು ನಂಬುತ್ತೇನೆ. ಒಂದೊಂದು ಮಾತನ್ನೂ ನೀವೇ ಹೇಳಿ ಧ್ವನಿಮುದ್ರಿಸಿ ಕಳಿಸುವಿರಾ?'

ಅವನು ಹೇಳಿ ಕಳಿಸಿದ. ಒಂದೊಂದು ಮಾತನ್ನೂ ಮೂರು ಮೂರು ಸಲ. ಆ ದಿನ ಓಣಿಯಲ್ಲಿ ನಾನು ಕಾವಲು ನಿಂತು, ಸುತ್ತಿಗೆಯವನನ್ನೂ ಕೋಳಿಗಳನ್ನೂ ಸುಮ್ಮನಾಗಿಸಿದೆ.

ಆಮೇಲೆ ತಿಂಗಳುಗಟ್ಟಲೆ ಸುದ್ದಿ ಇರಲಿಲ್ಲ. ನಾನಂತೂ ಮರೆತಿದ್ದೆ. ಉಪವಾಸದ ತಿಂಗಳು ಬಂದು ಹೋಯಿತು, ಹಬ್ಬವಾಯಿತು. ಒಂದು ಬೆಳಿಗ್ಗೆ ಬುಟ್ಟಿ ಹೊತ್ತು ಹೋಗುತ್ತಿದ್ದಾಗ ಜುಮೆನೊ ಬಾಗಿಲಲ್ಲೇ ನಿಂತಿದ್ದ. ನನ್ನ ಬಾಟಲಿಗಳ ಸದ್ದಿಗಾಗಿ ಕಾಯುತ್ತಿದ್ದನಂತೆ.

"ಒಳಗೆ ಬಾ ಯು. ಬುಟ್ಟಿ ನೆಲದ ಮೇಲೆ ಇಡು."

ಹೊಸ ತಿದ್ದುಪಡಿ ಇಳಿಸಿಕೊಂಡಿದ್ದ. ತನ್ನ ಪುಸ್ತಕದ ಮಂಡಿಯ ಅಧ್ಯಾಯ ತೆರೆದು ಓದಿಸಿದ. ಡಬ್ಬಿಯ ದನಿ ಓದುತ್ತ ಓದುತ್ತ ಬಂತು, ಎಂಚೊಕ್ ಎಂದಿತು. ಬಾಯಿ ಬಿಟ್ಟು, ನಮ್ಮಮ್ಮ ಹೇಳುತ್ತಿದ್ದ ಹಾಗೆ. ಪೆಗಲ್ ಎಂಬುದನ್ನು ಗಂಟಲಲ್ಲಿ ನುಂಗಿತು. ನಾನು ನಗಲು ಬಾಯಿ ತೆರೆದವಳು ಹಾಗೇ ನಿಂತೆ.

"ಇದು ನಿನ್ನ ಯಂತ್ರದಲ್ಲಿ ಮಾತ್ರಾನಾ?"

"ಇಲ್ಲ ಯು." ಅವನು ಪಿಸುಗುಟ್ಟುವಂತೆ ಹೇಳಿದ. "ಎಲ್ಲಾ ಕಡೆ. ಮೇದಾನ್‌ನಲ್ಲಿ, ಕುಪಾಂಗ್‌ನಲ್ಲಿ, ಯಾವ ದ್ವೀಪದಲ್ಲಿ ಯಾರೇ ಕುರುಡರು ಈ ದನಿ ಹಾಕ್ಕೊಂಡ್ರೂ ಹೀಗೇ ಹೇಳತ್ತೆ. ಅವರಿಗೆ ನಾನು ಯಾರು ಅಂತ ಗೊತ್ತಾಗಲ್ಲ."

ನಾನು ಕೆಳಗೆ ಕೂತೆ. ನನಗೆ ಓದು ಅಷ್ಟಕ್ಕಷ್ಟೇ, ಕಂಪ್ಯೂಟರ್ ಮುಟ್ಟಿದವಳೂ ಅಲ್ಲ. ಆದರೂ ಈ ಸಣ್ಣ ಓಣಿಯ, ದೀಪ ಹಚ್ಚದ ಕೋಣೆಯ ಒಬ್ಬನ ಬಾಯಿಂದ ಹೊರಟ ಮಾತು ಸಮುದ್ರ ದಾಟಿ, ಗುರುತಿಲ್ಲದ ಹೆಂಗಸಿನ ಕೈ ಹಾಯ್ದು, ನಾನು ಕಾಣದ ಊರುಗಳ ಕಿವಿಗಳಿಗೆ ಇಳಿಯುತ್ತಿದೆ ಎಂದು ಯೋಚಿಸಿದಾಗ, ಬೆಟ್ಟದ ತುದಿಯಲ್ಲಿ ನಿಂತು ಕೆಳಗೆ ನೋಡಿದ ಹಾಗಾಯಿತು. ಅವನ ಲೋಟಕ್ಕೆ ಕಷಾಯ ಸುರಿಯಲು ಹೋಗಿ ಅರ್ಧ ಚೆಲ್ಲಿದೆ.

ಅಷ್ಟರಲ್ಲಿ ಟೀಚರು ಕುತ್ತಿಗೆ ಹಿಡಿದುಕೊಂಡು ಬಂದಳು. ಶಾಲೆಯ ಪರೀಕ್ಷೆ ಮುಗಿದು ಕತ್ತು ಎಡಕ್ಕೆ ತಿರುಗುತ್ತಲೇ ಇರಲಿಲ್ಲ.

"ಮಲಗಿ ಬು ರೆತ್ನಾ, ಮಲಗಿ," ಎಂದ ಜುಮೆನೊ, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ. "ನಿಮ್ಮ ಕತ್ತು ಸರಿ ಮಾಡ್ತೀನಿ. ಆದ್ರೆ ಆಮೇಲೆ ಓಡೋ ಹಾಗಿಲ್ಲ. ಇನ್ನೂ ನಲವತ್ತೊಂದು ಮಾತು ಸಿಕ್ಕಿದೆ, ಕಳಿಸ್ಬೇಕು."